ಲಿಫ್ಟ್ ಸಾಹೇಬರು ಕೌದಿ ಹೊಲಿದದ್ದು

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ನಿಜವನ್ನೇ ಹೇಳಿ, ಆ ನಿಜಕ್ಕಾಗಿ ಹೆಂಡತಿ, ಬಾಮೈದ, ಕೆಳಮನೆಯ ಆಂಟಿ ಎಲ್ಲರ ಕೈಗೂ ಒಟ್ಟಿಗೆ ಸಿಕ್ಕಿಬಿದ್ದವರೆಂದರೆ ನಮ್ಮ ಲಿಫ್ಟ್ ಸಾಹೇಬರೊಬ್ಬರೇ. ಆ ಸುದ್ದಿ ಎತ್ತಿದರೆ ಸಾಕು, ಈಗಲೂ ಅವರ ಮೂಗಿನ ಹೊಳ್ಳೆಗಳು ಅರಳುತ್ತವೆ. "ನ್ಯಾಯ ಅನ್ನೋದು ಸತ್ತುಹೋಯ್ತು ಕಣ್ರೀ" ಎಂದು ಶುರುಮಾಡಿದರೆ, ಕೇಳುವವರ ಬಸ್ಸು ಬಂದು ಹೋದರೂ ಅವರ ಮಾತು ಮುಗಿಯುವುದಿಲ್ಲ.

ಲಿಫ್ಟ್ ಸಾಹೇಬರು ಅಂದರೆ ಲಿಫ್ಟುಗಳ ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ. ಯಾವ ಕಟ್ಟಡದ ಲಿಫ್ಟೇ ಆಗಲಿ, ಸಾಹೇಬರು ಒಳಗೆ ಹೋಗಿ, ನಿಂತಲ್ಲೇ ಒಮ್ಮೆ ಕುಪ್ಪಳಿಸಿ, ಗೋಡೆಗೆ ಕಿವಿಯಿಟ್ಟು "ಇದೇನು ಸದ್ದು?" ಎಂದು ಕೇಳಿದ ಮೇಲೆಯೇ ಅದು ಜನರನ್ನು ಹೊರಬೇಕು. ಸದ್ದು ಇಲ್ಲದಿದ್ದರೆ "ಸದ್ದೇ ಇಲ್ಲವಲ್ಲ, ಯಾಕೆ?" ಎಂದು ಕೇಳುತ್ತಿದ್ದರು. ಯಾವುದನ್ನೂ ಅಲುಗಾಡಿಸಿ ನೋಡದೆ ನಂಬಬಾರದು ಎಂಬುದು ಅವರ ಸಿದ್ಧಾಂತ. ಮನೆಯಲ್ಲಿ ತಮ್ಮದೇ ಕುರ್ಚಿಯಲ್ಲಿ ಕೂರುವ ಮೊದಲೂ ಅದನ್ನು ಎರಡು ಸಲ ಕುಲುಕುತ್ತಿದ್ದರು. ಅಂಥ ಮನುಷ್ಯ ತಮ್ಮ ಸ್ನೇಹಿತನೊಬ್ಬ ಕಣ್ಣು ಮಿಟುಕಿಸಿದ್ದನ್ನು ಮಾತ್ರ ಅಲುಗಾಡಿಸದೆ ನಂಬಿಬಿಟ್ಟರು. ಅನಾಹುತವೆಲ್ಲ ಆದದ್ದು ಅಲ್ಲಿಂದ.

ಸ್ನೇಹಿತರು ಇಬ್ಬರು. ಒಬ್ಬರು ಹಲ್ಲಿನ ಡಾಕ್ಟ್ರು, ಇನ್ನೊಬ್ಬರು ಡ್ರೈವಿಂಗ್ ಶಾಲೆ ನಡೆಸುವ ಮೇಷ್ಟ್ರು. ಸಂಜೆ ಕೆಲಸ ಮುಗಿದ ಮೇಲೆ ಮೂವರೂ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರುವುದು ಹಳೆಯ ಅಭ್ಯಾಸ. ಆದರೆ ಈಚೆಗೆ ಕೆಲವು ತಿಂಗಳಿಂದ ಸಾಹೇಬರು ಬಾಗಿಲು ತಳ್ಳಿದೊಡನೆ ಅವರಿಬ್ಬರೂ ಏನನ್ನೋ ಹಿಂದಿನ ಕೋಣೆಗೆ ಎತ್ತಿಹಾಕಿ, ಮುಖ ಒರೆಸಿಕೊಂಡು, ಹವಾಮಾನದ ಬಗ್ಗೆ ಮಾತಾಡಲು ಶುರುಮಾಡುತ್ತಿದ್ದರು. ಸಾಹೇಬರ ಹೊಟ್ಟೆಯಲ್ಲಿ ಆಗಲೇ ಉರಿ ಬಿದ್ದಿತ್ತು. ನನ್ನನ್ನು ಬಿಟ್ಟು ಇವರಿಬ್ಬರೇ ಏನೋ ಮಜಾ ಮಾಡುತ್ತಿದ್ದಾರೆ!

ಒಂದು ಸಂಜೆ ಡಾಕ್ಟರೇ ಬಾಯಿಬಿಟ್ಟರು.

"ಈ ಶನಿವಾರ ಭಾನುವಾರ ಬಿಡುವು ಮಾಡ್ಕೋ. ಊರಾಚೆ ಕೆರೆ ದಂಡೇಲಿ ಹಳೇ ತರಬೇತಿ ಕೇಂದ್ರ ಇದೆಯಲ್ಲ, ಅಲ್ಲಿ ಕೌದಿ ಹೊಲಿಯೋ ಶಿಬಿರ. ಅಲ್ಲೇ ಊಟ, ಅಲ್ಲೇ ನಿದ್ದೆ. ಮೂವರೂ ಹೋಗೋಣ."

"ಏನು ಶಿಬಿರ?"

"ಕೌದಿ ಕಣಯ್ಯಾ. ತುಂಡುಬಟ್ಟೆ ಜೋಡಿಸಿ ಹೊಲೀತಾರಲ್ಲ, ಹೊದ್ಕೊಳ್ಳೋದು, ಅದು" ಎಂದರು ಡಾಕ್ಟರು. ಹಾಗೆನ್ನುತ್ತಿದ್ದಂತೆ ಅವರ ಎಡಗಣ್ಣು ಟಪಕ್ಕನೆ ಮಿಟುಕಿತು.

ನಿಜ ಸಂಗತಿ ಇಷ್ಟೇ: ಹಗಲೆಲ್ಲ ಜನರ ಬಾಯೊಳಗೆ, ಸಂಜೆಯೆಲ್ಲ ಸೂಜಿಯ ಕಣ್ಣೊಳಗೆ ಇಣುಕಿ ಇಣುಕಿ ಡಾಕ್ಟರ ಎಡರೆಪ್ಪೆಗೆ ಅದುರುವ ಕಾಯಿಲೆ ಹತ್ತಿತ್ತು. ಸಾಹೇಬರಿಗೆ ಇದು ಗೊತ್ತಿಲ್ಲ. ಅವರಿಗೆ ಕಂಡದ್ದು ಕೆರೆ, ಎರಡು ದಿನ, ಮೂವರು ಗಂಡಸರು, ಮತ್ತು ಆ ಕಣ್ಣು ಮಿಟುಕು. ಅವರ ಮುಖ ಬಲ್ಬಿನಂತೆ ಹತ್ತಿಕೊಂಡಿತು.

"ಅರ್ಥ ಆಯ್ತು, ಅರ್ಥ ಆಯ್ತು! ಕೌದಿ!" ಎಂದು ಅವರೂ ಒಂದು ಕಣ್ಣು ಹೊಡೆದರು.

"ಅಯ್ಯೋ, ನಿನಗೂ ಶುರುವಾಯ್ತಾ?" ಎಂದರು ಡಾಕ್ಟರು ಕನಿಕರದಿಂದ.

"ಶುರು ಮಾಡೇಬಿಡೋಣ! ಮನೇಲಿ ಏನು ಹೇಳ್ಲಿ?"

"ಏನು ಹೇಳೋದು? ಕೌದಿ ಹೊಲಿಯೋಕೆ ಹೋಗ್ತಿದೀನಿ ಅಂತ ಇದ್ದದ್ದು ಇದ್ದ ಹಾಗೆ ಹೇಳು" ಎಂದರು ಮೇಷ್ಟ್ರು.

ಇಷ್ಟು ಸಲೀಸಾಗಿ ಸುಳ್ಳನ್ನು ಕಲಿಸಿಕೊಡುವ ಗೆಳೆಯರನ್ನು ಪಡೆದ ತಮ್ಮ ಅದೃಷ್ಟವನ್ನು ಹೊಗಳಿಕೊಳ್ಳುತ್ತ ಸಾಹೇಬರು ಮನೆಗೆ ನಡೆದರು.

ಸಾಹೇಬರ ಹೆಂಡತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಬಡಾವಣೆಯಲ್ಲೆಲ್ಲ ನರ್ಸಮ್ಮ ಎಂದೇ ಹೆಸರು. ಮೂಗಿನಲ್ಲಿ ಗೋಲಿ ಸಿಕ್ಕಿಸಿಕೊಂಡು ಬಂದು "ಅದಾಗೇ ಹೋಯ್ತು ಸಿಸ್ಟರ್" ಅನ್ನುವವರನ್ನು, ತಲೆ ಒಡೆದುಕೊಂಡು ಬಂದು "ಬಾಗಿಲು ತಾಗಿತು" ಅನ್ನುವವರನ್ನು ದಿನಾ ನೋಡುವ ಹೆಂಗಸು. ಆಕೆಯ ಮುಂದೆ ಸುಳ್ಳು ಹೇಳುವುದೆಂದರೆ ಅಕ್ಕಸಾಲಿಗನಿಗೆ ಹಿತ್ತಾಳೆ ಮಾರಲು ಹೋದಂತೆ.

"ಎಲ್ಲಿಗೆ ಅಂದ್ರಿ?" ನರ್ಸಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ಕೌದಿ ಹೊಲಿಯೋಕೆ."

"ಯಾರು?"

"ನಾನು. ಜೊತೆಗೆ ಡಾಕ್ಟ್ರು, ಮೇಷ್ಟ್ರು. ಕೆರೆ ದಂಡೆ ತರಬೇತಿ ಕೇಂದ್ರದಲ್ಲಿ."

ನರ್ಸಮ್ಮ ಗಂಡನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಸಾಹೇಬರಿಗೆ ಹುಮ್ಮಸ್ಸು ಬಂದು ಸುಳ್ಳಿಗೆ ಸ್ವಲ್ಪ ಬಣ್ಣ ಹಚ್ಚಿದರು. "ಮೊದಲು ತುಂಡುಬಟ್ಟೆ ಕತ್ತರಿಸ್ತಾರಂತೆ. ಆಮೇಲೆ ಜೋಡಿಸ್ತಾರಂತೆ. ಟೀಚರು ಇರ್ತಾರಂತೆ. ಬಹಳ ಶಿಸ್ತಂತೆ." ಒಂದೊಂದು ಮಾತೂ ನಿಜ. ಒಂದನ್ನೂ ನರ್ಸಮ್ಮ ನಂಬಲಿಲ್ಲ.

"ಹೋಗಿಬನ್ನಿ" ಎಂದಷ್ಟೇ ಅಂದು ಮತ್ತೆ ಇಸ್ತ್ರಿ ಉಜ್ಜಿದರು. ಅಂಗಿಯಿಂದ ಹೊಗೆ ಬರುವಷ್ಟು ಗಟ್ಟಿಯಾಗಿ ಉಜ್ಜಿದರು.

ಕಿಟಕಿ ತೆರೆದಿತ್ತು. ಕೆಳಮನೆಯ ಆಂಟಿಗೆ ಮೇಲಿನ ಮನೆಯ ಮಾತೆಂದರೆ ತಮ್ಮ ಮನೆಯ ಮಾತೇ. ಮಾರನೆಯ ಬೆಳಿಗ್ಗೆ ಮೆಟ್ಟಿಲ ಬಳಿ ನರ್ಸಮ್ಮನನ್ನು ಹಿಡಿದರು. "ನೋಡಮ್ಮ, ನಾನು ಯಾರ ಸಂಸಾರದಲ್ಲೂ ಮೂಗು ತೂರಿಸೋಳಲ್ಲ. ಆದರೆ ನಮ್ಮೆಜಮಾನರೂ ಒಂದು ಸಲ 'ಹಕ್ಕಿ ನೋಡೋಕೆ ಹೋಗ್ತೀನಿ' ಅಂತ ದುರ್ಬೀನು ಹಾಕ್ಕೊಂಡು ಹೋಗಿದ್ರು. ಇಷ್ಟೇ ಹೇಳ್ತೀನಿ. ಹಕ್ಕಿಗೆ ಗೂಡು ಒಂದೇ ಇರಲಿಲ್ಲ."

ಶನಿವಾರ ಸಾಹೇಬರು ಹೊರಟಾಗ ಅವರ ಚೀಲದೊಳಗೆ ಹೊಸ ಇಸ್ಪೀಟು ಕಟ್ಟು, ಬಾಟಲಿ ಬಿರಟೆ ತೆಗೆಯುವ ಸಾಧನ ಮತ್ತು ಮಡಚುವ ಮೀನುಗಾಳ ಇದ್ದವು. ಸೂಜಿ ಇರಲಿಲ್ಲ.

ತರಬೇತಿ ಕೇಂದ್ರದ ದೊಡ್ಡ ಹಾಲಿಗೆ ಕಾಲಿಟ್ಟಾಗ ಅವರಿಗೆ ಕಂಡದ್ದು ಸಾಲು ಮೇಜುಗಳು, ಹೊಲಿಗೆ ಯಂತ್ರಗಳು, ಬಣ್ಣಬಣ್ಣದ ಬಟ್ಟೆಯ ಗುಡ್ಡಗಳು, ಮತ್ತು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಹೆಂಗಸರು. ಸಾಹೇಬರು ಮನಸ್ಸಿನಲ್ಲೇ ಸ್ನೇಹಿತರ ಬೆನ್ನು ತಟ್ಟಿದರು. ಏನು ತಯಾರಿ! ಏನು ಏರ್ಪಾಡು! ನಾಳೆ ಯಾರಾದರೂ ವಿಚಾರಿಸಿದರೂ ಸಿಕ್ಕಿಬೀಳುವ ಹಾಗಿಲ್ಲ.

"ಸಖತ್ತಾಗಿದೆ. ಇಲ್ಲಿ ಮುಖ ತೋರಿಸಿ ಹಿಂದಿನ ಬಾಗಿಲಿಂದ ಹೋಗೋದು ತಾನೆ?" ಎಂದು ಡಾಕ್ಟರ ಕಿವಿಯಲ್ಲಿ ಕೇಳಿದರು.

"ಹಿಂದಿನ ಬಾಗಿಲಾ? ಅಲ್ಲಿ ಬರೀ ಬಚ್ಚಲು" ಎಂದ ಡಾಕ್ಟರು ಚೀಲದಿಂದ ಅರ್ಧ ಮುಗಿದ ಕೌದಿಯೊಂದನ್ನು ಹೊರತೆಗೆದು, ಮಗುವಿನ ಕೆನ್ನೆ ಸವರಿದಂತೆ ಸವರಿದರು. ಮೇಷ್ಟ್ರು ಆಗಲೇ ಯಂತ್ರವೊಂದರ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟು, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ನಿಧಾನ... ಎಡಕ್ಕೆ ತಿರುಗಿಸಿ... ಮುಂದೆ ತಿರುವಿದೆ... ಬ್ರೇಕ್!"

ಸಾಹೇಬರು ಸ್ವಲ್ಪ ಹೊತ್ತು ಕಾದರು. ನಾಟಕ ಮುಗಿಯಲಿಲ್ಲ. ಇನ್ನಷ್ಟು ಕಾದರು. ಡಾಕ್ಟರು ದಾರಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ಹರಿದು, ಹಲ್ಲಿನ ಡಾಕ್ಟರಾಗಿ ತಾವು ಹಾಗೆ ಮಾಡಬಾರದೆಂದು ನಾಚಿದರು. ಆಗ ಸಾಹೇಬರು ಡಾಕ್ಟರ ಕೌದಿಯ ಅಂಚನ್ನು ಜಗ್ಗಿ ನೋಡಿದರು.

"ನೀವು... ನಿಜವಾಗ್ಲೂ ಹೊಲೀತೀರಾ?"

"ಮತ್ತೆ? ಕ್ಲಿನಿಕ್ಕಿನ ಹಿಂದಿನ ಕೋಣೇಲಿ ಅದನ್ನೇ ಮಾಡ್ತಿದ್ದಿದ್ದು. ನೀನು ನಗ್ತೀಯ ಅಂತ ಮುಚ್ಚಿಟ್ವಿ" ಎಂದರು ಮೇಷ್ಟ್ರು.

"ಹಾಗಾದ್ರೆ ಕಣ್ಣು ಹೊಡೆದದ್ದು?"

"ಅದು ಕಾಯಿಲೆ" ಎಂದರು ಡಾಕ್ಟರು. ಸಾಕ್ಷಿಯೆಂಬಂತೆ ಕಣ್ಣು ಮತ್ತೊಮ್ಮೆ ಮಿಟುಕಿತು.

ಸಾಹೇಬರಿಗೆ ಕೋಪ ನೆತ್ತಿಗೇರಿತು. ಇದು ಮೋಸ! ಇದು ನಂಬಿಕೆ ದ್ರೋಹ! ಒಬ್ಬ ಜವಾಬ್ದಾರಿಯುತ ಅಧಿಕಾರಿಯನ್ನು ಕುಡಿತಕ್ಕೂ ಜೂಜಿಗೂ ಕರೆಯುತ್ತಾರೆಂದು ನಂಬಿಸಿ, ಕರೆತಂದು ಕೌದಿಗೆ ಕೂರಿಸುವುದೆ? ಇಂಥ ಸ್ನೇಹಿತರಿದ್ದ ಮೇಲೆ ಶತ್ರುಗಳು ಯಾತಕ್ಕೆ? ವಾಪಸು ಹೋಗೋಣವೆಂದರೆ ಬಂದದ್ದು ಮೇಷ್ಟ್ರ ಕಾರಿನಲ್ಲಿ. ಮೇಷ್ಟ್ರಿಗೆ ಆಗ ಭೂಕಂಪವಾದರೂ ಎದ್ದೇಳುವ ಮನಸ್ಸಿರಲಿಲ್ಲ.

ಅವರು ಮೂಲೆಯೊಂದರಲ್ಲಿ ಕೂತು, ಎಲ್ಲರ ಮೇಲಿನ ಸಿಟ್ಟಿಗೆ ಒಬ್ಬರೇ ಇಸ್ಪೀಟು ಆಡುತ್ತೇನೆಂದು ಕಟ್ಟು ಹೊರತೆಗೆದರು. ಮೇಲಿನ ಕಾಗದದ ಹೊದಿಕೆ ಉಗುರಿಗೆ ಬಗ್ಗಲಿಲ್ಲ. ಪಕ್ಕದ ಮೇಜಿನ ಮೇಲೆ ಫಳಫಳ ಹೊಳೆಯುವ ಕತ್ತರಿಯಿತ್ತು. ಸಾಹೇಬರು ಅದನ್ನೆತ್ತಿ ಕರಕ್ಕನೆ ಕತ್ತರಿಸಿದರು.

ಇಡೀ ಹಾಲಿನಲ್ಲಿ ಯಂತ್ರಗಳು ಒಂದೊಂದಾಗಿ ನಿಂತವು.

"ಕಾಗದ!" ಎಂದು ಯಾರೋ ಚೀರಿದರು. "ಅಜ್ಜಿ ಕತ್ತರೀಲಿ ಕಾಗದ ಕತ್ತರಿಸಿದ್ರು!"

ಬಟ್ಟೆ ಕತ್ತರಿಸುವ ಕತ್ತರಿಗೆ ಕಾಗದ ಮುಟ್ಟಿಸಿದರೆ ಅದರ ಹರಿತ ಹಾಳು, ಹೊಲಿಯುವವರ ಲೋಕದಲ್ಲಿ ಇದಕ್ಕಿಂತ ಘೋರ ಪಾಪವಿಲ್ಲ ಎಂಬುದು ಸಾಹೇಬರಿಗೆ ಹೇಗೆ ಗೊತ್ತಾಗಬೇಕು? ಮೇಜಿನಾಚೆಯಿಂದ ಗುಬ್ಬಿಯಷ್ಟು ಚಿಕ್ಕ ಅಜ್ಜಿಯೊಬ್ಬರು ಎದ್ದು ಬಂದರು. ಶಿಬಿರದವರೆಲ್ಲ ಅವರನ್ನು ಕತ್ತರಿ ಅಜ್ಜಿ ಎನ್ನುತ್ತಿದ್ದರು. ಅವರು ಕತ್ತರಿಯನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಎರಡು ಸಲ ಕತ್ತರಿಸುವ ಸದ್ದು ಕೇಳಿ, ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಮಕ್ಕಳಿಗೇ ಮುಟ್ಟೋಕೆ ಕೊಟ್ಟಿಲ್ಲ ಇದನ್ನ. ಏನ್ರೀ ಕೆಲಸ ನಿಮ್ದು?"

"ನಾನು ಸರ್ಕಾರಿ ಅಧಿಕಾರಿ! ಲಿಫ್ಟುಗಳ—"

"ಅಲ್ಲೂ ಹೀಗೇ ಹಗ್ಗ ಕತ್ತರಿಸ್ತೀರಾ?"

ಸಾಹೇಬರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಿವಿ ಕಿತ್ತುಹೋಗುವಂತೆ ಸೀಟಿ ಕೂಗಿತು. ಶಿಬಿರದ ಟೀಚರು ಮೊದಲು ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು; ನಿವೃತ್ತರಾದರೂ ಕೊರಳಿನ ಸೀಟಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಅವರು ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟರು. "ಇಸ್ಪೀಟು ಒಳಗಿಡಿ. ಅಜ್ಜಿ ಪಕ್ಕದಲ್ಲಿ ಕೂತು ಚೌಕಟ್ಟು ಹಿಡೀರಿ. ಹೊಲಿಯೋಕೆ ಬಂದೋರು ಹೊಲೀಬೇಕು!"

ಕೌದಿಯ ಮೇಲ್ಬಟ್ಟೆ, ನಡುವಿನ ಹತ್ತಿ, ಅಡಿಯ ಅಸ್ತರಿ, ಇಷ್ಟನ್ನೂ ಬಿಗಿದು ಕಟ್ಟಿದ ಮರದ ಚೌಕಟ್ಟು ಅದು. ಸಾಹೇಬರು ಕೂರುವ ಮೊದಲು ಅದನ್ನು ಕುಲುಕಿ ನೋಡಿದರು. "ಕುಲುಕಿದ್ರೆ ಸೂಜಿ ಚುಚ್ಚುತ್ತೆ" ಎಂದರು ಅಜ್ಜಿ. ಅಷ್ಟರಲ್ಲಿ ಚುಚ್ಚಿಯೂ ಆಗಿತ್ತು.

ಅದೇ ಗಳಿಗೆಯಲ್ಲಿ ನರ್ಸಮ್ಮನ ಫೋನು ಬಂತು. ಸಾಹೇಬರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಚೌಕಟ್ಟು ಹಿಡಿದರು.

"ಏನ್ಮಾಡ್ತಿದೀರಿ?"

"ಕೌದಿ ಹೊಲೀತಿದೀನಿ." ಈ ಸಲ ಅವರ ದನಿಯಲ್ಲಿ ನಿಜವಾದ ದುಃಖವಿತ್ತು.

ಹಿಂದಿನಿಂದ ಅಜ್ಜಿಯ ಮಾತು ಸ್ಪಷ್ಟವಾಗಿ ಕೇಳಿಸಿತು. ಅಜ್ಜಿಗೆ ವಯಸ್ಸಾದರೂ ದನಿ ಮಾತ್ರ ಹದಿನೆಂಟರದು. "ಹತ್ರ ಬನ್ನಿ... ಇನ್ನೂ ಹತ್ರ. ನಾಚ್ಕೊಂಡ್ರೆ ಆಗಲ್ಲ. ಕೈ ಕೆಳಗೆ ಹಾಕಿ, ಬಿಗಿಯಾಗಿ ಹಿಡ್ಕೊಳ್ಳಿ!"



"ಯಾರದು?" ಎಂದರು ನರ್ಸಮ್ಮ.

"ಅಜ್ಜಿ."

"ಯಾವ ಅಜ್ಜಿ?"

"ಕತ್ತರಿ ಅಜ್ಜಿ."

ಆಚೆ ಮೇಜಿನಿಂದ ಮೇಷ್ಟ್ರು ಅರಚಿದರು: "ಸ್ಪೀಡು ಕಮ್ಮಿ ಮಾಡಿ! ತಿರುವು, ತಿರುವು! ಬ್ರೇಕ್!"

"ಗಾಡೀಲಿದೀರಾ? ಯಾರ ಜೊತೆ ಎಲ್ಲಿಗೆ ಹೋಗ್ತಿದೀರಿ?"

"ಎಲ್ಲೂ ಹೋಗ್ತಿಲ್ಲ ಕಣೇ! ಮೇಷ್ಟ್ರು ಬಟ್ಟೆ ಹೊಲೀತಿದಾರೆ!"

ಇಷ್ಟರಲ್ಲಿ ಟೀಚರು ಫೋನು ಕಂಡು ಸೀಟಿ ಊದಿದರು. ಸಾಹೇಬರು ಬೆಚ್ಚಿದರು, ಫೋನು ಜಾರಿ ಬಟ್ಟೆಯ ಗುಡ್ಡದೊಳಗೆ ಬಿದ್ದು ಮಾಯವಾಯಿತು. ಆ ಕಡೆ ನರ್ಸಮ್ಮನಿಗೆ ಕೊನೆಯದಾಗಿ ಕೇಳಿಸಿದ್ದು ಪೊಲೀಸ್ ಸೀಟಿಯಂಥ ಸೀಟಿ, ಮತ್ತು ಹಲವು ಹೆಂಗಸರ ಒಟ್ಟು ನಗು.

ಫೋನು ಹೋದರೆ ಹೋಗಲಿ, ಸಾಹೇಬರಿಗೆ ಆಗ ಬೇರೆಯೇ ಅವಮಾನ ಕಾದಿತ್ತು. ಅಜ್ಜಿ ಅವರ ಕೈಗೆ ಸೂಜಿ ಕೊಟ್ಟು, ಸೂಜಿ ಚುಚ್ಚದಿರಲೆಂದು ಬೆರಳಿಗೆ ಅಂಗುಸ್ತಾನ ಸಿಕ್ಕಿಸಿ, ಒಂದು ಸಾಲು ಹೊಲಿಸಿದರು. ಮುಗಿದ ಮೇಲೆ ಕನ್ನಡಕ ಏರಿಸಿ ನೋಡಿ, "ಇದೇನು ಹೊಲಿಗೆಯೋ, ಕುಡುಕ ಮನೆಗೆ ಹೋದ ದಾರಿಯೋ?" ಎಂದು ಸರ್ರನೆ ದಾರ ಎಳೆದು ಅಷ್ಟನ್ನೂ ಬಿಚ್ಚಿಹಾಕಿದರು.

ಕುಡಿಯಲು ಬಂದು, ಒಂದು ತೊಟ್ಟೂ ಸಿಗದೆ, ಕುಡುಕನೆಂಬ ಬಿರುದು ಬೇರೆ! ಸಾಹೇಬರು ಹಲ್ಲು ಕಚ್ಚಿ ಮತ್ತೆ ಹೊಲಿದರು. ಅಜ್ಜಿ ಮತ್ತೆ ಬಿಚ್ಚಿದರು. ಸಾಹೇಬರು ಇನ್ನೂ ಗಟ್ಟಿಯಾಗಿ ಹಲ್ಲು ಕಚ್ಚಿದರು. ಇಲ್ಲೊಂದು ವಿಚಿತ್ರ ನಡೆಯಿತು. ಸಾಹೇಬರಿಗೆ ಸಿಟ್ಟು ಹೆಚ್ಚಿದಷ್ಟೂ ಹೊಲಿಗೆ ಸಣ್ಣದಾಗುತ್ತ, ನೆಟ್ಟಗಾಗುತ್ತ ಹೋಯಿತು. ಸ್ನೇಹಿತರ ದ್ರೋಹ ನೆನೆದು ಒಂದು ಸಾಲು, ಟೀಚರ ಸೀಟಿ ನೆನೆದು ಒಂದು ಸಾಲು, ತಮ್ಮ ಬಡ್ತಿ ತಪ್ಪಿಸಿದ ಮೇಲಧಿಕಾರಿಯನ್ನು ನೆನೆದು ಇಡೀ ಒಂದು ಅಂಚು. ಸಂಜೆಯಾಗುವ ಹೊತ್ತಿಗೆ ಅಜ್ಜಿ ಬಿಚ್ಚುವುದನ್ನು ನಿಲ್ಲಿಸಿದ್ದರು. ಡಾಕ್ಟರು ಬಂದು "ಕೆರೆ ಕಡೆ ಒಂದು ಸುತ್ತು ಹೋಗೋಣ ಬಾರಯ್ಯ" ಎಂದರೆ, ಸಾಹೇಬರು "ಮಾತಾಡಿಸ್ಬೇಡ, ಮೂಲೆ ತಿರುಗಿಸ್ತಿದೀನಿ" ಎಂದು ಗದರಿದರು.

ಭಾನುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಅಜ್ಜಿ ಅವರಿಗೊಂದು ಪುಟ್ಟ ಕೌದಿಯನ್ನು ಸ್ವಂತಕ್ಕೆ ಕೊಟ್ಟರು. ಸಾಹೇಬರು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ, ಅದನ್ನು ತೊಡೆಯ ಮೇಲೆ ಹರಡಿಕೊಂಡು, ಲೋಕದ ಪರಿವೆಯಿಲ್ಲದೆ ಹೊಲಿಯುತ್ತಿದ್ದರು. ಆಗ ಗೇಟಿನೊಳಗೆ ಪೊಲೀಸ್ ಜೀಪು ನುಗ್ಗಿ ನಿಂತಿತು.

ಮೊದಲು ಇಳಿದದ್ದು ಬಾಮೈದ. ಆತ ಟ್ರಾಫಿಕ್ ಪೊಲೀಸು, ಸಮವಸ್ತ್ರದಲ್ಲೇ ಬಂದಿದ್ದ. ಆಮೇಲೆ ನರ್ಸಮ್ಮ. ಅವರ ಹಿಂದೆ ಕೆಳಮನೆಯ ಆಂಟಿ. "ನಾನು ಸುಮ್ಮನೆ ಜೊತೆಗೆ ಅಂತ ಬಂದೆ" ಎಂದು ಅವರು ಯಾರೂ ಕೇಳದಿದ್ದರೂ ಹೇಳಿದರು.

"ಭಾವ, ಇದ್ದಲ್ಲೇ ಇರಿ. ಅಲುಗಾಡ್ಬೇಡಿ" ಎಂದ ಬಾಮೈದ, ರಸ್ತೆಯಲ್ಲಿ ಕುಡಿದ ಚಾಲಕರನ್ನು ಹಿಡಿಯುವ ಯಂತ್ರವನ್ನು ಅವರ ಬಾಯಿಗೆ ಹಿಡಿದ. "ಊದಿ."

"ಏನೋ ಇದು? ಯಾರಿಗೆ ಊದೋಕೆ ಹೇಳ್ತಿದೀಯ?"

"ಗೌರವಕ್ಕೇನೂ ಕೊರತೆ ಇಲ್ಲ ಭಾವ. ಗೌರವದಿಂದಲೇ ಊದಿ."

ಸಾಹೇಬರು ಊದಿದರು. ಯಂತ್ರ ಏನೂ ತೋರಿಸಲಿಲ್ಲ. ಬಾಮೈದ ಅದನ್ನು ಅಂಗೈಗೆ ಬಡಿದು, "ಇನ್ನೊಂದ್ಸಲ" ಎಂದ. ಸಾಹೇಬರು ಒಳಗಿನ ರೋಷವನ್ನೆಲ್ಲ ಸೇರಿಸಿ ಊದಿದರು. ಯಂತ್ರ ಮತ್ತೂ ಏನೂ ತೋರಿಸಲಿಲ್ಲ.

"ಬೆಳಿಗ್ಗೆ ಅಲ್ವಾ, ಇಳಿದಿರುತ್ತೆ" ಎಂದರು ಆಂಟಿ.

"ಇಳಿಯೋಕೆ ಏರಿರಬೇಕಲ್ರೀ!" ಎಂದು ಸಾಹೇಬರು ಗುಡುಗಿದರು. "ಕಣ್ಣು ಕಾಣಲ್ವಾ? ಕೌದಿ! ಕೈಯಲ್ಲಿ ಸೂಜಿ! ಹೊಲೀತಿದೀನಿ!"

"ಜೀಪಿನ ಸದ್ದು ಕೇಳಿ ಎತ್ಕೊಂಡಿದೀರಿ" ಎಂದರು ನರ್ಸಮ್ಮ. "ಚೀಲ ನೋಡೋ."

ಬಾಮೈದ ಚೀಲ ಬಿಚ್ಚಿದ. ಜಗಲಿಯ ಮೇಲೆ ಒಂದೊಂದಾಗಿ ಇಟ್ಟ. ಇಸ್ಪೀಟು. ಬಿರಟೆ ತೆಗೆಯುವ ಸಾಧನ. ಕೊನೆಗೆ ಮಡಚಿದ ಗಾಳವನ್ನು ತೆಗೆದು, ಜಗ್ಗಿ ಜಗ್ಗಿ ಪೂರಾ ಉದ್ದಕ್ಕೆ ಎಳೆದು, ಅದರ ತುದಿಯನ್ನು ದಿಟ್ಟಿಸಿದ.

"ಕೌದಿ ಹೊಲಿಯೋಕೆ ಗಾಳ ಯಾಕೆ ಭಾವ?"

ಸದ್ದು ಕೇಳಿ ಹಾಲಿನೊಳಗಿದ್ದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಡಾಕ್ಟರು ಮುಂದೆ ಬಂದು, "ನರ್ಸಮ್ಮ, ಅವನು ನಿಜವಾಗ್ಲೂ ನಮ್ಮ ಜೊತೆ ಹೊಲೀತಾನೇ ಇದ್ದ" ಎಂದರು. ಅನ್ನುವಾಗಲೇ ಎಡಗಣ್ಣು ಮಿಟುಕಿತು.

"ನೋಡು ನೋಡು! ಕಣ್ಸನ್ನೆ!" ಎಂದರು ಆಂಟಿ. ಡಾಕ್ಟರ ಸಾಕ್ಷ್ಯ ಅಲ್ಲಿಗೆ ಬಿದ್ದುಹೋಯಿತು.

ನರ್ಸಮ್ಮನ ದನಿ ತಗ್ಗಿತು. ಅವರ ದನಿ ತಗ್ಗುವುದು ಅಪರೂಪ. ತಗ್ಗಿದರೆ ಸಾಹೇಬರ ಕಾಲಡಿಯ ನೆಲವೂ ಒಂದು ಮಹಡಿ ಕೆಳಗಿಳಿಯುತ್ತಿತ್ತು.

"ದಿನಾ ಎಂತೆಂಥವರ ಸುಳ್ಳು ಕೇಳ್ತೀನಿ. ಕೈ ಮುರ್ಕೊಂಡು ಬಂದವರೂ ಒಂದು ನಿಮಿಷ ಯೋಚನೆ ಮಾಡಿ ನಂಬೋ ಥರ ಹೇಳ್ತಾರೆ. ನೀವು? ಕೌದಿ! ಸುಳ್ಳು ಹೇಳೋದಿದ್ರೆ ಆಫೀಸ್ ಕೆಲಸ ಅನ್ನಿ, ಸ್ನೇಹಿತನಿಗೆ ಹುಷಾರಿಲ್ಲ ಅನ್ನಿ. ಇಷ್ಟು ವರ್ಷ ಜೊತೇಲಿ ಬಾಳಿದೋಳಿಗೆ ಒಂದು ಮರ್ಯಾದಸ್ಥ ಸುಳ್ಳು ಹೇಳೋಷ್ಟೂ ಬೆಲೆ ಕೊಡ್ಲಿಲ್ವಲ್ಲ ನೀವು!"

ಇದಕ್ಕೆ ಸಾಹೇಬರ ಬಳಿ ಒಂದೇ ಉತ್ತರವಿತ್ತು. ಅದನ್ನು ಹೇಳಬಾರದಿತ್ತು, ಹೇಳಿಬಿಟ್ಟರು.

"ಅಯ್ಯೋ, ನಾನು ಸುಳ್ಳೇ ಹೇಳಿದ್ದು ಕಣೇ! ಇಸ್ಪೀಟು ಆಡೋಕೆ, ಮೀನು ಹಿಡಿಯೋಕೆ, ಒಂದೆರಡು ಗುಟುಕು ಹಾಕೋಕೆ ಅಂತಾನೇ ಬಂದಿದ್ದು! ಇಲ್ಲಿ ಬಂದು ನೋಡಿದ್ರೆ ಅದು ನಿಜವಾಗಿಬಿಟ್ಟಿತ್ತು! ಇದರಲ್ಲಿ ನನ್ನ ತಪ್ಪೇನಿದೆ?"

ಬಾಮೈದ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂದ್ರೆ ಭಾವ, ಸುಳ್ಳು ಹೇಳಿದ್ದಕ್ಕೆ ಹಿಡೀಬೇಕಾ, ನಿಜ ಹೇಳಿದ್ದಕ್ಕೆ ಬಿಡಬೇಕಾ? ನಮ್ಮ ಕಾನೂನಲ್ಲಿ ಇದಕ್ಕೆ ಜಾಗ ಇಲ್ಲ."

"ಯಾವ ಕಾನೂನೂ ಬೇಡ! ಯಾರೂ ನಂಬೋದೂ ಬೇಡ! ನಾನು ಇಲ್ಲೇ ಇದ್ದುಬಿಡ್ತೀನಿ!" ಎಂದು ಸಾಹೇಬರು ಚೇಳು ಕುಟುಕಿದವರಂತೆ ಎದ್ದು ನಿಂತು, ರೋಷದಿಂದ ಒಳಗೆ ಹೊರಟರು.

ಅವರ ಜೊತೆ ಕೌದಿಯೂ ಎದ್ದು ಹೊರಟಿತು.

ಮೊದಲು ಯಾರಿಗೂ ತಿಳಿಯಲಿಲ್ಲ. ಸಾಹೇಬರು ಎರಡು ಹೆಜ್ಜೆ ಇಟ್ಟರು, ಕೌದಿ ಮುಂಭಾಗದಲ್ಲಿ ಪರದೆಯಂತೆ ತೂಗಾಡಿತು. ಕೊಡವಿದರು, ಬೀಳಲಿಲ್ಲ. ಎಳೆದರು, ಪ್ಯಾಂಟೂ ಜೊತೆಗೆ ಬಂತು. ಬೆಳಗಿನಿಂದ ತಲೆಯೆತ್ತದೆ ಹೊಲಿದ ಹೊಲಿಗೆಯಲ್ಲಿ ಮೇಲ್ಬಟ್ಟೆ, ಹತ್ತಿ, ಅಸ್ತರಿಯ ಜೊತೆಗೆ ಸಾಹೇಬರ ಪ್ಯಾಂಟಿನ ಎರಡು ತೊಡೆಗಳೂ ನಾಲ್ಕನೆಯ ಪದರವಾಗಿ ಸೇರಿಕೊಂಡಿದ್ದವು.

ನಗದೆ ಉಳಿದವರು ಇಬ್ಬರೇ, ಸಾಹೇಬರು ಮತ್ತು ನರ್ಸಮ್ಮ. ನರ್ಸಮ್ಮ ಮಂಡಿಯೂರಿ ಕೂತು, ಗಾಯ ಪರೀಕ್ಷಿಸುವವರಂತೆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಅವರು ಎಷ್ಟೋ ಡಾಕ್ಟರ ಹೊಲಿಗೆ ನೋಡಿದವರು. ಜೀಪಿನ ಸದ್ದು ಕೇಳಿದ ಮೇಲೆ ಯಾರೂ ಇಷ್ಟು ಉದ್ದಕ್ಕೆ, ಇಷ್ಟು ಒತ್ತಾಗಿ, ತನ್ನದೇ ಪ್ಯಾಂಟಿಗೆ ಕೌದಿ ಹೊಲಿದುಕೊಳ್ಳಲಾರ ಎಂಬುದು ಅವರಿಗೆ ಹೊಳೆಯಿತು.

"ಇದು ನೀವು ಹೊಲಿದಿದ್ದಾ?"

"ಮತ್ತಿನ್ಯಾರು, ನಿನ್ನ ತಮ್ಮನಾ?"

"ಸಾಲು ನೆಟ್ಟಗಿದೆ."

"ನೆಟ್ಟಗೇ ಇರುತ್ತೆ!"

ನರ್ಸಮ್ಮ ನಿಧಾನವಾಗಿ ಎದ್ದು ನಿಂತರು. ಅವರ ಮುಖದಲ್ಲಿ ಅನುಮಾನ ಇಳಿಯಿತು. ನಿರಾಳ ಬಂತು. ಇದೀಗ ಕ್ಷಮೆ ಕೇಳುತ್ತಾಳೆ ಎಂದು ಸಾಹೇಬರು ಎದೆ ಸೆಟೆಸಿದರು. ಆದರೆ ನಿರಾಳದ ಬೆನ್ನಿಗೇ ಇನ್ನೇನೋ ಬಂದು ನರ್ಸಮ್ಮನ ಕಣ್ಣುಗಳು ಕಿರಿದಾದವು.

"ಅಂದ್ರೆ ಇಷ್ಟು ಚೆನ್ನಾಗಿ ಹೊಲಿಯೋಕೆ ಬರೋ ಕೈ ಇಟ್ಕೊಂಡು, ಇಷ್ಟು ವರ್ಷ ನಿಮ್ಮ ಅಂಗಿ ಗುಂಡಿ ಹೋದಾಗೆಲ್ಲ ಡ್ಯೂಟಿ ಮುಗಿಸಿ ಬಂದೋಳ ಮುಂದೆ ತಂದು ಎಸೀತಿದ್ರಾ?"

"ನಿನ್ನೆ ಕಲಿತಿದ್ದು ಕಣೇ! ನಿನ್ನೆ!"

"ಒಂದೇ ದಿನಕ್ಕೆ ಬರೋ ಕೆಲಸ ಅನ್ನಿ. ಹಾಗಾದ್ರೆ ಇನ್ನೂ ಕೆಟ್ಟದಾಯ್ತು."

ಬಾಗಿಲಲ್ಲಿ ನಿಂತ ಹೆಂಗಸರೆಲ್ಲ "ಹೌದಲ್ಲ!" ಎಂದರು. ಕತ್ತರಿ ಅಜ್ಜಿಯೂ ತಲೆದೂಗಿದರು. ಬಾಮೈದ ಸಂಕೋಚದಿಂದ ಮುಂದೆ ಬಂದು, ಸಮವಸ್ತ್ರದ ಜೇಬಿನ ಮುಚ್ಚಳ ಎತ್ತಿ ತೋರಿಸಿದ. ಅಲ್ಲಿ ಗುಂಡಿ ಇರಲಿಲ್ಲ. "ಭಾವ, ಹೇಗೂ ಸೂಜಿ ಕೈಲೇ ಇದೆ..."

ಅಜ್ಜಿ ತಮ್ಮ ಕತ್ತರಿಯಿಂದಲೇ ಸಾಹೇಬರನ್ನು ಕೌದಿಯಿಂದ ಬಿಡಿಸಿದರು. ಪ್ಯಾಂಟಿಗೆ ತೊಡೆಯ ಮೇಲೆ ಎರಡು ಕಿಟಕಿಗಳಾದವು. ಆ ಸ್ಥಿತಿಯಲ್ಲೇ ಕೂತು, ನ್ಯಾಯ ಸತ್ತದ್ದರ ಬಗ್ಗೆ ಮಾತಾಡುತ್ತಲೇ, ಸಾಹೇಬರು ಬಾಮೈದನ ಗುಂಡಿ ಹೊಲಿದರು. ಹೊಲಿದಾದ ಮೇಲೆ ಅದನ್ನು ಜಗ್ಗಿ ನೋಡಿದರು. ಗುಂಡಿ ಗಟ್ಟಿಯಾಗಿತ್ತು.

ಸುದ್ದಿ ಅವರಿಗಿಂತ ಮುಂಚೆ ಊರು ಸೇರಿತು. ಜೀಪಿನಲ್ಲಿ ಆಂಟಿ ಮೊದಲೇ ಹೊರಟಿದ್ದರಲ್ಲ. ಆ ವಾರ ಕೆಳಮನೆಯಿಂದ ಕಿತ್ತುಹೋದ ದಿಂಬಿನ ಗವಸುಗಳು ಬಂದವು. ಎದುರು ಮನೆಯಿಂದ ಹರಿದ ಶಾಲಾಚೀಲ ಬಂತು. ಲಿಫ್ಟ್ ತಪಾಸಣೆಗೆ ಹೋದ ಕಟ್ಟಡದಲ್ಲಿ ಕಾವಲುಗಾರ ಸೆಲ್ಯೂಟ್ ಹೊಡೆದು, "ಸಾರ್, ತಮ್ಮದೇನೋ ಹೊಲಿಗೆ ಚೆನ್ನಾಗಿದೆಯಂತೆ" ಎಂದು ತೋಳು ಹರಿದ ಸ್ವೆಟರು ಮುಂದೆ ಹಿಡಿದ. ಸಾಹೇಬರು ಪ್ರತಿಯೊಬ್ಬರನ್ನೂ ಬೈದರು. "ನಾನೇನು ದರ್ಜಿನಾ? ಸರ್ಕಾರಿ ಅಧಿಕಾರಿಗೆ ಹೇಳೋ ಕೆಲಸನಾ ಇದು?" ಎಂದು ಕೂಗಾಡಿದರು. ಕೂಗಾಡುತ್ತಲೇ ಅವರ ಕೈ ಸ್ವೆಟರನ್ನು ಒಳಹೊರಗೆ ಮಾಡಿ ನೋಡುತ್ತಿತ್ತು.

ಕೊನೆಗೆ ನರ್ಸಮ್ಮನಿಗೇ ಪಾಪ ಅನ್ನಿಸಿರಬೇಕು. ಹೊಸ ಕಿಟಕಿ ಪರದೆಗಳಿಗೆ ಅಂಚು ಮಡಚಬೇಕಾಗಿತ್ತು. ಗಂಡನಿಗೆ ಹೇಳದೆ, ರಜೆಯ ದಿನ ತಾವೇ ಕೂತು ಒಂದನ್ನು ಹೊಲಿದು ತೂಗುಹಾಕಿದರು. ಸಂಜೆ ಸಾಹೇಬರು ಆಫೀಸಿನಿಂದ ಬಂದವರು ಬೂಟು ಬಿಚ್ಚುತ್ತ ತಲೆ ಎತ್ತಿದರು. ಬೂಟು ಕೈಯಲ್ಲೇ ಉಳಿಯಿತು.

"ಇದನ್ನ ಯಾರು ಹೊಲಿದಿದ್ದು?"

"ನಾನೇ. ಯಾಕೆ?"

"ಯಾಕೆ? ಯಾಕೆ ಅಂತ ಕೇಳ್ತೀಯಾ? ಇದು ಹೊಲಿಗೆಯಾ? ಒಂದು ಕಡೆ ಇಷ್ಟುದ್ದ, ಒಂದು ಕಡೆ ಅಷ್ಟುದ್ದ! ಮೂಲೆ ತಿರುಗಿಸೋ ರೀತೀನಾ ಇದು? ಬಂದವರು ನೋಡಿದ್ರೆ ಏನಂದ್ಕೊಳ್ತಾರೆ? ನಾನೇ ಹೊಲಿದಿದ್ದು ಅಂದ್ಕೊಳ್ತಾರೆ! ಮನೇಲಿ ಹೊಲಿಯೋನು ಒಬ್ಬ ಇದ್ದಾನೆ, ಒಂದು ಮಾತು ಕೇಳೋಣ ಅನ್ನೋದು ಬೇಡ್ವಾ? ಹೇಳೋರು ಕೇಳೋರು ಯಾರೂ ಇಲ್ವಾ ಈ ಮನೇಲಿ?"

ಸಾಹೇಬರು ಪರದೆಯನ್ನು ಸರಳಿನಿಂದ ಕಿತ್ತು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ಬೆರಳಿಗೆ ಅಂಗುಸ್ತಾನ ಏರಿಸಿ, ಇಡೀ ಜಗತ್ತನ್ನು ಶಪಿಸುತ್ತ ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಎಷ್ಟು ಕೋಪವಿತ್ತೆಂದರೆ, ಕೂರುವ ಮೊದಲು ಕುರ್ಚಿಯನ್ನು ಕುಲುಕುವುದನ್ನೂ ಮರೆತಿದ್ದರು.

ನರ್ಸಮ್ಮ ನಗು ಕಾಣಬಾರದೆಂದು ಗೋಡೆಯ ಕಡೆ ತಿರುಗಿದರು. ಆಮೇಲೆ ಒಳಗೆ ಹೋಗಿ, ಉಳಿದ ಪರದೆಗಳನ್ನೆಲ್ಲ ತಂದು ಸದ್ದಿಲ್ಲದೆ ಅವರ ಪಕ್ಕದಲ್ಲಿಟ್ಟರು.